ಎರಡೂ ಕಡೆಗೆ ಒಂದೊಂದು ಪ್ರತಿ

ಓಲ್ಡ್ ರಾಜಿಂದರ್ ನಗರ
೧೩ ಅಕ್ಟೋಬರ್ ೨೦೨೪

ಏಕನಾಥ ಅಂಕಲ್ ಅವರಿಗೆ,
ಸ್ನೇಹಲತಾ ಮಾಡುವ ನಮಸ್ಕಾರಗಳು.

ನಾನು ಮನೆ ಬಿಟ್ಟು ಬಂದ ಸುದ್ದಿ ನಿಮಗೆ ಆಗಲೇ ಮುಟ್ಟಿರುತ್ತದೆ. ನಮ್ಮ ಮಾವ ಬೆಳಿಗ್ಗೆ ಹೋಟೆಲಿನ ಗಲ್ಲಾದಲ್ಲಿ ಕೂತು ಮೊದಲು ಫೋನ್ ಮಾಡುವುದು ನಿಮಗೇ ಅಂತ ನನಗೆ ಗೊತ್ತು. ಅವರು ಏನು ಹೇಳಿದ್ದಾರೋ ಕಾಣೆ. ನಾನು ಯಾರ ಜೊತೆಗೂ ಓಡಿಹೋಗಿಲ್ಲ. ನಿರೀಕ್ಷಾಳನ್ನು ಕರೆದುಕೊಂಡು ಅಮೂಲ್ಯ ಎಂಬ ಹುಡುಗಿಯ ರೂಮಿನಲ್ಲಿದ್ದೇನೆ. ಅವಳು ನಮ್ಮ ಕಾರ್ಕಳದವಳು, ನನ್ನ ಶಾಲೆಯ ಗೆಳತಿಯ ತಂಗಿ, ಐಎಎಸ್ ಪರೀಕ್ಷೆಗೆ ಓದುತ್ತಿದ್ದಾಳೆ. ಈ ಗಲ್ಲಿ ತುಂಬ ಪರೀಕ್ಷೆಗೆ ಓದುವ ಮಕ್ಕಳೇ. ಐದು ವರ್ಷದ ಮಗುವನ್ನು ಕಟ್ಟಿಕೊಂಡ ಹೆಂಗಸನ್ನು ಇಲ್ಲಿ ಯಾರೂ ಹುಡುಕುವುದಿಲ್ಲ ಅನ್ನುವುದೇ ನನಗಿರುವ ಧೈರ್ಯ.

ಫೋನ್ ಮಾಡದೆ ಕಾಗದ ಬರೆಯುತ್ತಿದ್ದಾಳಲ್ಲ ಅಂದುಕೊಳ್ಳಬೇಡಿ. ನನ್ನ ಫೋನು ಗಂಡನ ಹೆಸರಿನಲ್ಲಿದೆ. ನಾನು ಎಲ್ಲಿದ್ದರೂ ಲತೇಶ್ ಫೋನಿನಲ್ಲಿ ಕಾಣುತ್ತದೆ. ಅದನ್ನು ಅಡುಗೆಮನೆಯಲ್ಲಿ ಅಕ್ಕಿ ಡಬ್ಬಿಯ ಹಿಂದೆ ಬಿಟ್ಟು ಬಂದೆ. ಕಾಗದದ ಇನ್ನೊಂದು ಅನುಕೂಲ, ದಿಲ್ಲಿಯಲ್ಲೇ ಹುಟ್ಟಿ ಬೆಳೆದ ಲತೇಶ್‌ಗೆ ಕನ್ನಡ ಓದಲು ಬರುವುದಿಲ್ಲ.

ಅಂಕಲ್, ನಿಮ್ಮಿಂದ ನನಗೆ ಒಂದೇ ಒಂದು ಉಪಕಾರ ಆಗಬೇಕು. ಹೋದ ತಿಂಗಳು ಒಂದು ಭಾನುವಾರ ಹೋಟೆಲಿನ ಮಹಡಿಯ ಫ್ಯಾಮಿಲಿ ರೂಮಿನಲ್ಲಿ ನೀವು, ಮಾವನೂ ಇದ್ದಾಗಲೇ, ನಮ್ಮಿಬ್ಬರನ್ನೂ ಕೂರಿಸಿಕೊಂಡು ಪಂಚಾಯ್ತಿ ಮಾಡಿದಿರಿ. ನಾನು ಜೂನ್ ತಿಂಗಳಿನ ವಿಷಯ ಹೇಳಿದೆ. ಲತೇಶ್ ಸುಳ್ಳು ಹೇಳಲಿಲ್ಲ. ನಿಮ್ಮ ಎದುರಿಗೇ, "ಹಾಂ ಅಂಕಲ್, ಗುಸ್ಸಾ ಬಂತು. ಬಾಲ್ಕನಿಗೆ ನೂಕಿ ಬಾಗಿಲು ಹಾಕಿದೆ. ಮಧ್ಯಾಹ್ನದಿಂದ ಸಂಜೆ ತನಕ, ಬಸ್. ಸತ್ತೇನೂ ಹೋಗಲಿಲ್ಲವಲ್ಲ" ಅಂದರು. ಆ ದಿನ ಗಾಜಿನ ಬಾಗಿಲ ಒಳಗೆ ನಿಂತು ನಿರೀಕ್ಷಾ ಅಳುತ್ತಿದ್ದಳು. ಬಿಸಿಲಿಗೆ ಕಾದ ನೆಲಕ್ಕೆ ನನ್ನ ಅಂಗಾಲು ಬೊಬ್ಬೆ ಎದ್ದಿತ್ತು. ಅದನ್ನೂ ಹೇಳಿದೆ. ನೀವು ಚಹಾ ಲೋಟ ಕೆಳಗಿಟ್ಟು, "ಸಂಸಾರ ಅಂದಮೇಲೆ ಇಬ್ಬರೂ ಸ್ವಲ್ಪ ಸ್ವಲ್ಪ ಸೋಲಬೇಕಮ್ಮ" ಅಂದಿರಿ.

ಸರ್ಕಾರದ ಕಡೆಯಿಂದ ಸಿಗುವ ವಕೀಲರೊಬ್ಬರು ಸಿಕ್ಕಿದ್ದಾರೆ, ಅದಿತಿ ಮೇಡಂ. ಲತೇಶ್ ತಮ್ಮ ಬಾಯಿಂದಲೇ ಒಪ್ಪಿಕೊಂಡದ್ದನ್ನು ಕೇಳಿದ ಹಿರಿಯರೊಬ್ಬರು ಬರೆದುಕೊಟ್ಟರೆ ಮಗು ನನ್ನ ಹತ್ತಿರ ಉಳಿಯುತ್ತದೆ ಎನ್ನುತ್ತಾರೆ. ನೀವು ಕೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಡಿ. ಜಾಸ್ತಿ ಬೇಡ, ಕಡಿಮೆಯೂ ಬೇಡ.

ಕಾಗದದ ಹಿಂದೆ ಬರೆದಿರುವ ವಿಳಾಸ ನಿಮಗೊಬ್ಬರಿಗೇ. ಲೀಲಾವತಿ ಆಂಟಿಗೆ ನಮಸ್ಕಾರ ತಿಳಿಸಿ.

ನಿಮ್ಮ ಮಗಳಂಥ
ಸ್ನೇಹಲತಾ

*

ಮುನಿರ್ಕಾ, ನವದೆಹಲಿ
೨೧ ಅಕ್ಟೋಬರ್ ೨೦೨೪

ಗೆ,
ಶ್ರೀಮತಿ ಸ್ನೇಹಲತಾ,
ಕುಮಾರಿ ಅಮೂಲ್ಯ ಅವರ ಮೂಲಕ,
ಜೆರಾಕ್ಸ್ ಅಂಗಡಿಯ ಮೇಲೆ, ಮೂರನೇ ಮಹಡಿ,
ಹನುಮಾನ್ ಮಂದಿರದ ಹಿಂದಿನ ಗಲ್ಲಿ,
ಓಲ್ಡ್ ರಾಜಿಂದರ್ ನಗರ, ನವದೆಹಲಿ.

ವಿಷಯ: ಕೌಟುಂಬಿಕ ಭಿನ್ನಾಭಿಪ್ರಾಯದ ಕುರಿತು.

ಚಿ. ಸೌ. ಸ್ನೇಹಲತಾಳಿಗೆ ಆಶೀರ್ವಾದಗಳು.

ನಿನ್ನ ೧೩ನೇ ತಾರೀಖಿನ ಪತ್ರ ತಲುಪಿತು. ನೀನೂ ಮಗುವೂ ಕ್ಷೇಮವಾಗಿರುವುದು ತಿಳಿದು ಸಮಾಧಾನವಾಯಿತು. ನಿನ್ನ ಕೋರಿಕೆಯನ್ನು ಎಲ್ಲ ದೃಷ್ಟಿಯಿಂದಲೂ ಪರಿಶೀಲಿಸಿದ್ದೇನೆ.

ಆ ದಿನ ನಾನು ಕೂತದ್ದು ಎರಡೂ ಕಡೆಯವರು ಒಪ್ಪಿದ ಹಿರಿಯನಾಗಿ. ನಿನ್ನ ಅಣ್ಣ ಸುರೇಶ ಕಾರ್ಕಳದಿಂದ ಫೋನ್ ಮಾಡಿ, "ನೀವಿದ್ದರೆ ನಮಗೆ ಧೈರ್ಯ" ಎಂದ. ನಿನ್ನ ಮಾವ ತನಿಯಪ್ಪನವರೂ ಅದನ್ನೇ ಅಂದರು. ಎರಡು ಕಡೆಯ ನಂಬಿಕೆ ಹೊತ್ತವನು ಒಂದು ಕಡೆಗೆ ಕಾಗದ ಬರೆದುಕೊಟ್ಟರೆ ಇನ್ನೊಂದು ಕಡೆಗೆ ದ್ರೋಹ ಮಾಡಿದಂತೆ. ತಟಸ್ಥ ಅಂದರೆ ಏನೂ ಮಾಡದವನು ಎಂದು ಜನ ತಿಳಿಯುತ್ತಾರೆ. ಹಾಗಲ್ಲಮ್ಮ, ಅದೊಂದು ವ್ರತ. ನಾನು ಮಂತ್ರಾಲಯದಲ್ಲಿದ್ದಾಗ ಇಬ್ಬರು ಜಂಟಿ ಕಾರ್ಯದರ್ಶಿಗಳಿಗೆ ಎಣ್ಣೆ ಸೀಗೆಕಾಯಿ. ಒಬ್ಬರು ಹೌದೆಂದು ಬರೆದ ಫೈಲಿಗೆ ಇನ್ನೊಬ್ಬರು ಅಲ್ಲವೆಂದು ಬರೆಯುತ್ತಿದ್ದರು. ನಡುವೆ ಸಿಕ್ಕಿದವನು ನಾನು. "ಎರಡೂ ಅಭಿಪ್ರಾಯಗಳು ಮೇಲಿವೆ, ದಯವಿಟ್ಟು ಅವಲೋಕಿಸಿ" ಎಂದು ಒಂದು ಸಾಲು ಬರೆದು ಮೇಲಕ್ಕೆ ಕಳಿಸುತ್ತಿದ್ದೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ನಿವೃತ್ತಿಯ ದಿನ ಇಬ್ಬರೂ ಬಂದು ಹಾರ ಹಾಕಿದರು. ಅಂಥ ಹಾರ ದಿಲ್ಲಿಯಲ್ಲಿ ಎಷ್ಟು ಜನಕ್ಕೆ ಸಿಕ್ಕಿದೆ?

ಲತೇಶನ ಸಿಟ್ಟು ತಪ್ಪು. ಅದನ್ನು ಅವನಿಗೆ ನಾನೇ ಹೇಳಿದ್ದೇನೆ. ಮಗುವನ್ನು ಕರೆದುಕೊಂಡು ಹೇಳದೆ ಕೇಳದೆ ಹೊರಟದ್ದು ನಿನ್ನ ಆತುರ. ಎರಡನ್ನೂ ತೂಗಿದರೆ ತಕ್ಕಡಿ ಸಮವೇ ನಿಲ್ಲುತ್ತದೆ. ಆದ್ದರಿಂದ ಬರಹದ ಹೇಳಿಕೆ ಕೊಡಲು ನನ್ನಿಂದಾಗದು. ಇಬ್ಬರೂ ಒಪ್ಪಿದರೆ ಇನ್ನೊಮ್ಮೆ ಕೂರಲು ಸಿದ್ಧನಿದ್ದೇನೆ.

ನಿನ್ನ ವಿಳಾಸದ ಬಗ್ಗೆ ಚಿಂತೆ ಬೇಡ. ಯಾರು ಕೇಳಿದರೂ ನನ್ನ ಬಾಯಿಂದ ಬರುವುದಿಲ್ಲ. ಒಬ್ಬರ ಬೆನ್ನ ಹಿಂದೆ ಇನ್ನೊಬ್ಬರ ಜೊತೆ ಮಾತಾಡಿದ ಎಂಬ ಅಪವಾದ ಬರಬಾರದೆಂದು, ನನ್ನ ಕ್ರಮದಂತೆ ಈ ಪತ್ರದ ಒಂದು ಪ್ರತಿಯನ್ನು ತನಿಯಪ್ಪನವರಿಗೂ ಕಳಿಸುತ್ತಿದ್ದೇನೆ.

ಹಿತೈಷಿ
ಏಕನಾಥ
(ನಿವೃತ್ತ ಅಧೀನ ಕಾರ್ಯದರ್ಶಿ)

ಪ್ರತಿ: ಶ್ರೀ ತನಿಯಪ್ಪ ಪೂಜಾರಿ ಅವರಿಗೆ, ಮಾಹಿತಿಗಾಗಿ.

*

ಯೂಸುಫ್ ಸರಾಯ್
೩೦ ಅಕ್ಟೋಬರ್ ೨೦೨೪

ಪ್ರೀತಿಯ ಏಕನಾಥರಿಗೆ ತನಿಯಪ್ಪನ ನಮಸ್ಕಾರಗಳು.

ದೀಪಾವಳಿಯ ಸ್ವೀಟ್ ಬಾಕ್ಸಿನ ಜೊತೆ ಈ ಚೀಟಿ ಇಡುತ್ತಿದ್ದೇನೆ. ನಿಮ್ಮಷ್ಟು ಚಂದ ಬರೆಯಲಿಕ್ಕೆ ನನಗೆ ಬರುವುದಿಲ್ಲ ಮಾರಾಯ್ರೆ. ಆದರೆ ಈ ಉಪಕಾರಕ್ಕೆ ಫೋನಿನಲ್ಲಿ ಥ್ಯಾಂಕ್ಸ್ ಹೇಳಿದರೆ ಸಾಕಾಗುವುದಿಲ್ಲ.

ನಿಮ್ಮ ಕಾಗದ ಸಿಕ್ಕಿತು. ಮೂರು ವಾರದಿಂದ ನಾವು ಹುಡುಕದ ಜಾಗ ಇರಲಿಲ್ಲ. ಸರೋಜಿನಿ ನಗರದಲ್ಲಿ ಅವಳ ಪರಿಚಯದವರ ಮನೆ, ಗುರುಗ್ರಾಮದಲ್ಲಿ ಅವಳ ಅಣ್ಣನ ಸ್ನೇಹಿತನ ಫ್ಲ್ಯಾಟು, ಎಲ್ಲ ಕಡೆ ಹೋಗಿ ಬಂದೆವು. ಕಡೆಗೆ ದೇವರ ಹಾಗೆ ನೀವೇ ದಾರಿ ತೋರಿಸಿದಿರಿ. ಶನಿವಾರ ನಾನೂ ಲತೇಶನೂ ಹೋಗಿ ನನ್ನ ಪುಳ್ಳಿ ನಿರೀಕ್ಷಾಳನ್ನು ಮನೆಗೆ ಕರಕೊಂಡು ಬಂದೆವು. ಗಲಾಟೆ ಎಂತದ್ದೂ ಆಗಲಿಲ್ಲ. ಈಗ ನನ್ನ ಪಕ್ಕದಲ್ಲೇ ಕೂತು ಜಾಂಗೀರು ತಿನ್ನುತ್ತಿದ್ದಾಳೆ.

ನೀವು ಕಾಗದದಲ್ಲಿ ಎರಡೂ ಕಡೆಗೆ ಬುದ್ಧಿ ಹೇಳಿದ್ದು ನನಗೆ ಬೇಸರ ಇಲ್ಲ. ಹಾಗೆ ಬರೆಯದೆ ಬೇರೆ ದಾರಿ ಇರಲಿಲ್ಲ ಅಂತ ನನಗೆ ಅರ್ಥ ಆಗುತ್ತದೆ. ಬುದ್ಧಿವಂತರು ನೀವು. ಲತೇಶ ಹೇಳುತ್ತಿದ್ದ, "ಅಂಕಲ್ ಕ್ಯಾ ದಿಮಾಗ್ ಲಗಾಯಾ!" ಅಂತ.

ನಲವತ್ತು ವರ್ಷದ ಸ್ನೇಹ ಅಂದರೆ ಇದು. ಭಾನುವಾರ ತಿಂಡಿಗೆ ಬನ್ನಿ.

ನಿಮ್ಮ
ತನಿಯಪ್ಪ

*

ಮುನಿರ್ಕಾ
೫ ನವೆಂಬರ್ ೨೦೨೪

ಸ್ನೇಹಲತಾ,

ಈ ಪತ್ರವನ್ನು ಅಮೂಲ್ಯಳ ಕೈಗೆ ಕೊಟ್ಟು ಬರುತ್ತೇನೆ. ಅವಳು ನಿನಗೆ ತಲುಪಿಸಿದರೆ ತಲುಪಿಸಲಿ. ಆಶೀರ್ವಾದ ಎಂದು ಶುರು ಮಾಡಲು ನನಗೆ ಮುಖವಿಲ್ಲ.

"ನೀವೇ ದಾರಿ ತೋರಿಸಿದಿರಿ, ಗಲಾಟೆ ಎಂತದ್ದೂ ಆಗಲಿಲ್ಲ" ಎಂಬ ತನಿಯಪ್ಪನ ಚೀಟಿ ಓದಿ ನನಗೆ ಏನೂ ತಿಳಿಯಲಿಲ್ಲ. "ನಾನು ಯಾವ ದಾರಿ ತೋರಿಸಿದೆನೇ? ವಿಳಾಸ ಯಾರಿಗೂ ಹೇಳಿಲ್ಲವಲ್ಲ" ಎಂದು ಲೀಲಾವತಿಯನ್ನು ಕೇಳಿದೆ. ಯಾವ ಕಾಗದ ಬರೆದರೂ ಒಂದು ಪ್ರತಿ ಇಟ್ಟುಕೊಳ್ಳುವ ಚಟ ನನಗೆ. ಅವಳು ಬೀರುವಿನಿಂದ ಆ ಪ್ರತಿ ತಂದು ನನ್ನ ಮುಂದಿಟ್ಟು, ಮೇಲಿನ ಎಡ ಮೂಲೆಯಲ್ಲಿ ಬೆರಳಿಟ್ಟಳು. ಗೆ, ಶ್ರೀಮತಿ ಸ್ನೇಹಲತಾ. ಜೆರಾಕ್ಸ್ ಅಂಗಡಿಯ ಮೇಲೆ, ಮೂರನೇ ಮಹಡಿ. ಹನುಮಾನ್ ಮಂದಿರದ ಹಿಂದಿನ ಗಲ್ಲಿ. ಒಂದು ಅಕ್ಷರ ತಪ್ಪಿಲ್ಲದೆ ದುಂಡಗೆ ಬರೆದಿದ್ದೆ. ಪತ್ರದ ಹೊಟ್ಟೆಯಲ್ಲಿ ವಿಳಾಸ ಹೇಳುವುದಿಲ್ಲ ಎಂದು ಆಣೆ, ತಲೆಯ ಮೇಲೆ ವಿಳಾಸ.

ನನ್ನ ಕೈಗೆ ಹಾಗೇ ಅಭ್ಯಾಸ ಎಂದು ಹೇಳಬಹುದು. ಹೇಳಿದೆ ಕೂಡ. ಲೀಲಾವತಿ, "ಕೈಗೆ ಅಭ್ಯಾಸ ಸರಿ ರೀ. ಅವಳ ಗಂಡನ ಮನೆಗೆ ಪ್ರತಿ ಕಳಿಸಬೇಕು ಅಂತ ಕೈ ಹೇಳಿತೋ ನೀವು ಹೇಳಿದಿರೋ?" ಎಂದಳು. ನಾನು ಆ ಪ್ರತಿಯನ್ನು ಮಡಿಸತೊಡಗಿದೆ. "ಹಾವು ಸಾಯಲಿಲ್ಲ, ಕೋಲು ಮುರಿಯಲಿಲ್ಲ. ಕಚ್ಚಿಸಿಕೊಂಡವಳ ಹೆಸರು ನಿಮ್ಮ ಗಾದೆಯಲ್ಲಿ ಇಲ್ಲವಲ್ಲ" ಎಂದಳು. ಆಮೇಲೆ ಅವಳು ನನ್ನ ಜೊತೆ ಮಾತಾಡಿಲ್ಲ. ಬಡಿಸುತ್ತಾಳೆ, ತಿನ್ನುತ್ತೇನೆ. ಸ್ವೀಟ್ ಬಾಕ್ಸು ಬಿಚ್ಚದೆ ಹಾಗೇ ಇದೆ.

ಓಲ್ಡ್ ರಾಜಿಂದರ್ ನಗರಕ್ಕೆ ಓಡಿ ಹೋದೆ. ನೀನು ರೂಮು ಬಿಟ್ಟಾಗಿತ್ತು. ಅಮೂಲ್ಯ ಮೆಟ್ಟಿಲ ಮೇಲೆ ಅಡ್ಡ ನಿಂತು, "ನೀವು ಯಾರ ಕಡೆಯವರು ಸರ್?" ಎಂದು ಕೇಳಿದಳು. ನಾನು, "ಅಮ್ಮಾ, ನಾನು ಯಾರ ಕಡೆಯೂ..." ಎಂದೆ. "ಹಾಗಾದರೆ ಮೇಲೆ ಬರಬೇಡಿ" ಎಂದಳು. ನನ್ನ ಮೊಮ್ಮಗಳ ವಯಸ್ಸಿನ ಹುಡುಗಿ.

ಅಲ್ಲಿಂದ ತನಿಯಪ್ಪನ ಹೋಟೆಲಿಗೆ ಹೋದೆ. ಮಗುವನ್ನು ತಾಯಿಗೆ ಕೊಟ್ಟುಬಿಡಿ ಎಂದೆ. ಅವರು ನಗುತ್ತ, "ಏಕನಾಥರೇ, ನೀವು ನ್ಯೂಟ್ರಲ್ ಅಲ್ವಾ? ಹಾಗೇ ಇರಿ, ಅದೇ ಚಂದ" ಎಂದು ನನ್ನ ಮುಂದೆ ನೀರ್‌ದೋಸೆಯ ತಟ್ಟೆ ಸರಿಸಿದರು. ಗಲ್ಲಾದ ಪಕ್ಕದ ಸ್ಟೂಲಿನ ಮೇಲೆ ನಿರೀಕ್ಷಾ ಕೂತಿದ್ದಳು. ನನ್ನ ಪಂಚೆ ಹಿಡಿದು, "ಅಜ್ಜ, ಮಮ್ಮಿ ಕಬ್ ಆಯೇಗಿ?" ಎಂದಳು.

ಇದನ್ನು ಬರೆಯಲೇಬೇಕು. ಮಗುವಿಗೆ ಉತ್ತರ ಹೇಳುವ ಮೊದಲು ನಾನು ತನಿಯಪ್ಪನ ಮುಖ ನೋಡಿದೆ. ಏನು ಹೇಳಿದರೆ ಅವರಿಗೆ ಬೇಸರವಾಗುವುದಿಲ್ಲ ಎಂದು ನೋಡಿದೆ. ಐದು ವರ್ಷದ ಕೂಸಿನ ಮುಂದೆಯೂ ನಾನು ಹಾಗೇ. "ಬರ್ತಾಳೆ ಪುಟ್ಟಾ" ಎಂದು ತಲೆ ಸವರಿ ಎದ್ದು ಬಂದೆ. ನಾಚಿಕೆಯಾಗುತ್ತಿದೆ ಸ್ನೇಹಲತಾ. ರಾತ್ರಿ ಹಗಲು ನಾಚಿಕೆಯಾಗುತ್ತಿದೆ.

ಕ್ಷಮಿಸು ಎನ್ನುವುದಿಲ್ಲ. ಏನು ಮಾಡಲಿ ಎಂದು ಕೇಳುತ್ತೇನೆ.

ಏಕನಾಥ

*

೨೬ ನವೆಂಬರ್ ೨೦೨೪

ಏಕನಾಥ ಅವರಿಗೆ,

ಅಮೂಲ್ಯ ನಿಮ್ಮ ಕಾಗದ ಕೊಟ್ಟಳು. ತುಂಬ ದಿನ ಓದಲಿಲ್ಲ. ನಾನೀಗ ಎಲ್ಲಿದ್ದೇನೆಂದು ಬರೆಯುವುದಿಲ್ಲ. ಏನಿದ್ದರೂ ಅದಿತಿ ಮೇಡಂ ಆಫೀಸಿಗೆ ಬರೆಯಿರಿ. ಆ ವಿಳಾಸ ಬೋರ್ಡಿನ ಮೇಲೇ ಇದೆ, ಯಾರಿಗೆ ಬೇಕಾದರೂ ಪ್ರತಿ ಕಳಿಸಬಹುದು.

ಗಲಾಟೆ ಆಗಲಿಲ್ಲ ಎಂದು ಮಾವ ಬರೆದದ್ದು ನಿಜ. ನಾನು ಇರಲಿಲ್ಲ. ಗಲ್ಲಿಯ ನಮ್ಮ ಕಡೆಯ ಹುಡುಗರಿಗೆ ಅನ್ನ ಸಾರು ಮಾಡಿಕೊಡುತ್ತಿದ್ದೆ, ಅದಕ್ಕೆ ತರಕಾರಿ ತರಲು ಕೆಳಗೆ ಹೋಗಿದ್ದೆ. ಯಾರು ಬಡಿದರೂ ಬಾಗಿಲು ತೆಗೆಯಬಾರದು ಎಂದು ನಿರೀಕ್ಷಾಗೆ ಕಲಿಸಿದ್ದೆ. ಅಪ್ಪ ಕರೆದರೆ ತೆಗೆಯುತ್ತಿರಲಿಲ್ಲ. ಆದರೆ ಕರೆದದ್ದು ಅಜ್ಜ. "ಪುಳ್ಳೀ, ಅಜ್ಜ ಬಂದಿದ್ದೇನೆ" ಅಂದರಂತೆ. ತೆಗೆದಳು. ನಾನು ಬರುವಾಗ ಬಾಗಿಲು ತೆರೆದಿತ್ತು, ಅವಳ ಒಂದು ಚಪ್ಪಲಿ ಮೆಟ್ಟಿಲ ಮೇಲಿತ್ತು.

ಪೊಲೀಸರ ಹತ್ತಿರ ಹೋದೆ. "ಅಪ್ಪ ತಾನೇ ಕರೆದುಕೊಂಡು ಹೋಗಿರುವುದು. ಘರ್ ಕಾ ಮಾಮ್ಲಾ ಹೈ, ನಾವು ನಡುವೆ ಬರುವುದಿಲ್ಲ" ಅಂದರು. ರೂಮಿನ ಮಾಲೀಕರು, "ನಾನು ಯಾರ ಕಡೆಯೂ ಅಲ್ಲ ಬೇಟಿ, ನಾಳೆ ರೂಮು ಖಾಲಿ ಮಾಡು" ಅಂದರು. ಕಾರ್ಕಳದಿಂದ ಅಣ್ಣ, "ಎರಡೂ ಕಡೆ ನೋಡಬೇಕಲ್ಲ ಸ್ನೇಹಾ" ಅಂದ. ಇಡೀ ದಿಲ್ಲಿಯಲ್ಲಿ ಎಲ್ಲರೂ ನಿಮ್ಮ ಹಾಗೆಯೇ. ವ್ರತ ಹಿಡಿದವರು ನೀವೊಬ್ಬರೇ ಅಲ್ಲ.

ನಿಮ್ಮ ಮನೆಗೆ ಬಂದಾಗಲೆಲ್ಲ ನೋಡಿದ್ದೇನೆ. ಬ್ಲಾಕಿನ ಕೆಳಗೆ ಜಾಗ ಸಾಲದೆ ಒಂದು ಕಾರಿನ ಹಿಂದೆ ಇನ್ನೊಂದು ನಿಲ್ಲಿಸುತ್ತಾರೆ. ಹಿಂದಿನದನ್ನು ಬ್ರೇಕ್ ಹಾಕದೆ ನ್ಯೂಟ್ರಲ್‌ನಲ್ಲಿ ಬಿಟ್ಟು ಹೋಗುತ್ತಾರೆ. ಯಾರಿಗೆ ದಾರಿ ಬೇಕೋ ಅವರು ಅದನ್ನು ತಳ್ಳಿ ತಮ್ಮ ಗಾಡಿ ತೆಗೆಯುತ್ತಾರೆ. ನಿಮ್ಮ ಕಾಗದ ಓದಿದಾಗ ಅದು ನೆನಪಾಯಿತು. ತಳ್ಳಲು ತೋಳಿನ ಬಲ ಇದ್ದವರು ತಳ್ಳಿದರು. ನನ್ನ ತೋಳಿನಿಂದ ಆಗಲಿಲ್ಲ.

ಏನು ಮಾಡಲಿ ಎಂದು ಕೇಳಿದ್ದೀರಿ. ಅಕ್ಟೋಬರಿನಲ್ಲಿ ಕೇಳಿದ್ದನ್ನೇ ಕೇಳುತ್ತೇನೆ. ಒಂದು ಹಾಳೆ.

ಸ್ನೇಹಲತಾ

*

ಮುನಿರ್ಕಾ
೧೨ ಡಿಸೆಂಬರ್ ೨೦೨೪

ಚಿ. ಸ್ನೇಹಲತಾಳಿಗೆ,

ಬರೆದಿದ್ದೇನೆ. ವಕೀಲರಿಗೆ ಒಪ್ಪಿಸು. ಯಾರಿಗೂ ಪ್ರತಿ ಕಳಿಸಿಲ್ಲ. ಇದರಿಂದ ನಿನಗೆ ಒಳ್ಳೆಯದಾಗಲಿ.

"ಸೆಪ್ಟೆಂಬರ್ ತಿಂಗಳ ಒಂದು ಭಾನುವಾರದಂದು ನನ್ನ ಸಮಕ್ಷಮದಲ್ಲಿ ದಂಪತಿಗಳ ನಡುವೆ ಮಾತುಕತೆ ನಡೆಯಿತು. ಸದರಿ ಮಾತುಕತೆಯಲ್ಲಿ ಹಿಂದೆ ಜರುಗಿದ ಕೆಲವು ಅಹಿತಕರ ಘಟನೆಗಳ ಪ್ರಸ್ತಾಪವಾಯಿತು. ಉಭಯ ಪಕ್ಷದವರೂ ವಿಷಾದ ವ್ಯಕ್ತಪಡಿಸಿದರು. ಮಗುವಿನ ಹಿತದೃಷ್ಟಿಯಿಂದ ಸೂಕ್ತ ಕ್ರಮವಾಗಲೆಂದು ಆಶಿಸುತ್ತೇನೆ."

ಏಕನಾಥ

*

೧೯ ಡಿಸೆಂಬರ್ ೨೦೨೪

ಇದರಲ್ಲಿ ಬಾಲ್ಕನಿ ಎಲ್ಲಿದೆ?

ನಾನು ಯಾವಾಗ ವಿಷಾದ ವ್ಯಕ್ತಪಡಿಸಿದೆ?

ವಾಪಸ್ ಕಳಿಸಿದ್ದೇನೆ.

ಸ್ನೇಹಲತಾ

*

ಮುನಿರ್ಕಾ
೧೯ ಜನವರಿ ೨೦೨೫

ಪ್ರಿಯ ತನಿಯಪ್ಪನವರಿಗೆ,

ಮೂರು ಭಾನುವಾರದಿಂದ ನಾನು ತಿಂಡಿಗೆ ಬಂದಿಲ್ಲ. ಚಳಿ, ಮಂಜು, ಹೊಗೆ ಎಂದು ಫೋನಿನಲ್ಲಿ ನೆಪ ಹೇಳಿದೆ. ಅದೂ ಒಂದು ಸುಳ್ಳು. ಕಾರಣ ಈ ಕಾಗದದ ಜೊತೆ ಲಗತ್ತಿಸಿದ್ದೇನೆ. ನಾಡಿದ್ದು ಕೋರ್ಟಿಗೆ ಕೊಡುವ ನನ್ನ ಅಫಿಡವಿಟ್ಟಿನ ಪ್ರತಿ. ನಿಮಗೆ ನಿಮ್ಮ ವಕೀಲರಿಂದ ಹೇಗೂ ಸಿಗುತ್ತದೆ. ಆದರೆ ನನ್ನ ಕೈಯಿಂದಲೇ ಮೊದಲು ಸಿಗಲಿ ಎಂದು ಕಳಿಸುತ್ತಿದ್ದೇನೆ. ಇದರಲ್ಲಿ ಯಾರ ವಿಳಾಸವೂ ಇಲ್ಲ. ಲೀಲಾವತಿಯ ಕೈಯಲ್ಲಿ ಎರಡು ಸಲ ಓದಿಸಿಯೇ ಮಡಿಸಿದ್ದೇನೆ.

ಲತೇಶ ಹೇಳಿದ್ದನ್ನು ಅವನು ಹೇಳಿದ ಹಾಗೇ ಬರೆದಿದ್ದೇನೆ. ಬಾಲ್ಕನಿಗೆ ನೂಕಿದ್ದು, ಬಾಗಿಲು ಹಾಕಿದ್ದು, ಸತ್ತೇನೂ ಹೋಗಲಿಲ್ಲವಲ್ಲ ಎಂದದ್ದು. ಅದನ್ನು ಕೇಳಿ ನೀವು ಕಿಟಕಿಯ ಹೊರಗೆ ನೋಡಿದ್ದು, ನಾನು ಚಹಾ ಕುಡಿದದ್ದು. ನಾನು ಚಹಾ ಕುಡಿದದ್ದನ್ನು ಬರೆಯಬೇಕಾಗಿಲ್ಲ ಎಂದು ವಕೀಲರು ಅಂದರು. ಇರಲಿ ಎಂದೆ.

ಮೊದಲೊಂದು ಹೇಳಿಕೆ ಬರೆದಿದ್ದೆ. ನೀವು ಓದಿದ್ದರೆ ಮೆಚ್ಚುತ್ತಿದ್ದಿರಿ. ಯಾರಿಗೂ ಒಂದು ಗೀರೂ ಆಗದ ಹಾಗೆ ಇತ್ತು. ಅವಳು ಅದನ್ನು ವಾಪಸ್ ಕಳಿಸಿದಳು. ಲೀಲಾವತಿ ಓದಿ, "ಇದನ್ನು ಬರೆಯುವಾಗ ನಿಮ್ಮ ಕಣ್ಣ ಮುಂದೆ ಯಾರಿದ್ದರು?" ಎಂದು ಕೇಳಿದಳು. ನೀವಿದ್ದಿರಿ ತನಿಯಪ್ಪನವರೇ. ಭಾನುವಾರದ ಟೇಬಲ್ಲು ಇತ್ತು. ನಾನು ದಿಲ್ಲಿಗೆ ಹೊಸದಾಗಿ ಬಂದು ಸರೋಜಿನಿ ನಗರದ ಕ್ವಾರ್ಟರ್ಸಿನಲ್ಲಿ ಟೈಫಾಯ್ಡ್ ಬಂದು ಮಲಗಿದಾಗ ಮೂರು ಹೊತ್ತು ಗಂಜಿ ಕಳಿಸಿದ ಮನುಷ್ಯ ಇದ್ದ. ಆ ಋಣ ನಾನು ಮರೆತಿಲ್ಲ. ಆದರೆ ಅದನ್ನು ಅವಳ ಮಗುವಿನಿಂದ ತೀರಿಸಲು ನನಗೆ ಯಾವ ಹಕ್ಕಿತ್ತು?

ಎಲ್ಲರಿಗೂ ಬೇಕಾದವನು ಎನ್ನಿಸಿಕೊಳ್ಳುವುದು ಒಂದು ಚಟ. ನಮ್ಮ ಸಂಘದ ಚುನಾವಣೆಗೆ ನಾನೇ ಅಧಿಕಾರಿ, ಅಣ್ಣತಮ್ಮಂದಿರ ಪಾಲಿಗೆ ನಾನೇ ಹಿರಿಯ. ಎಲ್ಲಿ ಕರೆದರೂ ನಡುವಿನ ಕುರ್ಚಿ. ಆ ಕುರ್ಚಿಯ ಮೇಲೆ ಕೂತವನಿಗೆ ಎರಡೂ ಕಡೆಯಿಂದ ಚಹಾ ಬರುತ್ತದೆ. ನ್ಯಾಯ ಹೇಳಿದ್ದರೆ ಒಂದು ಕಡೆಯದು ನಿಂತುಹೋಗುತ್ತಿತ್ತು. ಇಷ್ಟೇ ನನ್ನ ವ್ರತ. ಅದನ್ನು ಆ ಹುಡುಗಿಗೆ ದೊಡ್ಡದಾಗಿ ಬೋಧಿಸಿದೆನಲ್ಲ, ಆ ಪತ್ರ ನೆನೆದರೆ ಮೈ ಹಿಡಿಯಾಗುತ್ತದೆ.

ಲತೇಶನನ್ನು ನಾನು ಎತ್ತಿ ಆಡಿಸಿದ್ದೇನೆ. ಅವನು ಕೆಟ್ಟವನೆಂದು ನಾನು ಎಲ್ಲಿಯೂ ಬರೆದಿಲ್ಲ. ಅವನು ಮಾಡಿದ್ದನ್ನು ಬರೆದಿದ್ದೇನೆ.

ನೀವು ಇನ್ನು ಫೋನ್ ಮಾಡುವುದಿಲ್ಲ ಎಂದು ಗೊತ್ತು. ಬೆಳಿಗ್ಗೆ ಆ ಹೊತ್ತಿಗೆ ಫೋನಿನ ಹತ್ತಿರ ಕೂರುವುದು ಮಾತ್ರ ಅಷ್ಟು ಬೇಗ ತಪ್ಪುವುದಿಲ್ಲ.

ನಿಮ್ಮ
ಏಕನಾಥ

*

೧೪ ಏಪ್ರಿಲ್ ೨೦೨೫

ಏಕನಾಥ ಅಂಕಲ್ ಅವರಿಗೆ,
ನಮಸ್ಕಾರ.

ನಿರೀಕ್ಷಾ ನನ್ನ ಹತ್ತಿರ ಬಂದು ಎರಡು ವಾರ ಆಯಿತು. ಕೇಸು ಇನ್ನೂ ನಡೆಯುತ್ತದೆ, ಅದು ಮುಗಿಯುವ ತನಕ ಮಗು ನನ್ನಲ್ಲೇ ಇರಬೇಕೆಂದು ಜಡ್ಜ್ ಮೇಡಂ ಬರೆದಿದ್ದಾರೆ. ಲತೇಶ್ ತಿಂಗಳಿಗೆ ಎರಡು ಸಲ ಕೋರ್ಟಿನ ಮಕ್ಕಳ ಕೋಣೆಯಲ್ಲಿ ಅವಳನ್ನು ನೋಡಬಹುದು. ಹೋದ ಸಲ ಮಾವನೂ ಬಂದಿದ್ದರು. ಸೊರಗಿಹೋಗಿದ್ದಾರೆ. ನಿಮ್ಮ ಹೆಸರು ಎತ್ತಲಿಲ್ಲ.

ಆ ದಿನ ಕೋರ್ಟಿನಲ್ಲಿ ನಿಮ್ಮ ಜೊತೆ ನಾನು ಮಾತಾಡಲಿಲ್ಲ. ಬೇಕೆಂದೇ ಮಾತಾಡಲಿಲ್ಲ. ಆದರೆ ನೋಡುತ್ತಿದ್ದೆ. ಜಡ್ಜ್ ಮೇಡಂ ನಿಮ್ಮನ್ನೇ ಕೇಳಬೇಕು ಎಂದಾಗ ನೀವು ಎದ್ದು ನಿಂತಿರಿ, ಕೋಟಿನ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದಿರಿ. ಲತೇಶ್ ಕಡೆಯ ವಕೀಲರು ನಗುತ್ತಾ, "ಆಪ್ ತೋ ದೋನೋಂ ಕೇ ಅಪ್ನೇ ಹೈಂ ನಾ?" ಅಂದರು. ಇಬ್ಬರಿಗೂ ಬೇಕಾದವರಲ್ಲವೇ ಅಂದದ್ದಕ್ಕೆ ನೀವು ಮಾವ ಕೂತಿದ್ದ ಕಡೆ ನೋಡಿದಿರಿ. ಮತ್ತೆ ಹಳೆಯ ಅಂಕಲ್ ಬಂದರು ಅಂದುಕೊಂಡು ನಾನು ಅದಿತಿ ಮೇಡಂ ಕೈ ಹಿಡಿದುಕೊಂಡೆ. ಆಮೇಲೆ ನೀವು, "ಥಾ. ಅಬ್ ಇಸ್ ಬಚ್ಚೀ ಕೀ ಮಾಂ ಕೀ ತರಫ್ ಸೇ ಹೂಂ" ಅಂದಿರಿ. ನೀವು ನನ್ನ ಕಡೆ ಎಂದದ್ದು ಕೇಳಿ ಮಾವ ಎದ್ದು ಹೊರಗೆ ಹೋದರು. ನೀವು ಅವರು ಹೋದ ಬಾಗಿಲನ್ನೇ ನೋಡುತ್ತಿದ್ದಿರಿ. ನಿಮಗೆ ಅದು ಸುಲಭ ಇರಲಿಲ್ಲ ಎಂದು ಗೊತ್ತಾಯಿತು.

ಸತ್ಯ ಹೇಳುತ್ತೇನೆ. ಅದೇ ಮಾತನ್ನು ನೀವು ಆ ಭಾನುವಾರ, ಫ್ಯಾಮಿಲಿ ರೂಮಿನಲ್ಲಿ, ಲೋಟ ಕೆಳಗಿಟ್ಟು ಹೇಳಿದ್ದರೆ ನಾನು ಮನೆ ಬಿಡುತ್ತಲೇ ಇರಲಿಲ್ಲವೇನೋ. ಮಾವ ನಿಮ್ಮ ಮಾತು ಮೀರುತ್ತಿರಲಿಲ್ಲ. ಲತೇಶ್ ಮಾವನ ಮಾತು ಮೀರುತ್ತಿರಲಿಲ್ಲ. ಇದನ್ನು ನಿಮ್ಮನ್ನು ನೋಯಿಸಲು ಬರೆಯುತ್ತಿಲ್ಲ. ನನಗೆ ದಿನಾ ಅನ್ನಿಸುತ್ತದೆ, ಅದಕ್ಕೆ.

ನಿರೀಕ್ಷಾ ಊಟ ಮಾಡುತ್ತಾಳೆ, ಶಾಲೆಗೆ ಹೋಗುತ್ತಾಳೆ, ನಗುತ್ತಾಳೆ. ಒಂದೇ ಒಂದು ಬದಲಾಗಿದೆ. ಈಗ ಯಾರ ದನಿ ಕೇಳಿದರೂ ಬಾಗಿಲು ತೆಗೆಯುವುದಿಲ್ಲ. ನಾನೇ ಹೊರಗೆ ನಿಂತು, "ಪುಟ್ಟೀ, ಮಮ್ಮಿ ಬಂದಿದ್ದೇನೆ" ಅಂದರೂ ತೆಗೆಯುವುದಿಲ್ಲ. "ಪೆಹಲೇ ಚಪ್ಪಲ್ ದಿಖಾವೋ" ಅನ್ನುತ್ತಾಳೆ. ನಾನು ಚಪ್ಪಲಿ ಬಿಚ್ಚಿ ಬಾಗಿಲ ಕೆಳಗಿನ ಸಂದಿಗೆ ಹಿಡಿಯಬೇಕು. ಅವಳು ಒಳಗೆ ನೆಲಕ್ಕೆ ಕೆನ್ನೆ ಒತ್ತಿ ನೋಡುತ್ತಾಳೆ. ಆಮೇಲೆ ಚಿಲಕ ತೆಗೆಯುತ್ತಾಳೆ.

ಲೀಲಾವತಿ ಆಂಟಿ ಅದಿತಿ ಮೇಡಂ ಕೈಯಲ್ಲಿ ಕಳಿಸಿದ ಫ್ರಾಕು ಅವಳಿಗೆ ಸರಿಯಾಗಿದೆ. ಹೇಳಿ.

ಈ ಕಾಗದದ ಮೇಲೆ ವಿಳಾಸ ಬರೆದಿಲ್ಲ, ನೋಡಿರುತ್ತೀರಿ. ಸಿಟ್ಟಿನಿಂದ ಅಲ್ಲ. ನೀವು ಈಗ ನಮ್ಮ ಕಡೆಯವರು ಎಂದು ನನಗೆ ಗೊತ್ತು. ಬರೆಯೋಣ ಎಂದು ಹಾಳೆಯ ಮೇಲೆ ಪೆನ್ನು ಇಟ್ಟೆ ಕೂಡ. ಕೈ ಬರಲಿಲ್ಲ.

ಸ್ನೇಹಲತಾ